ಹಳೆಯ ಜೆನಿಟ್ ಕ್ಯಾಮೆರಾದೊಂದಿಗೆ ಬೆಳಕಿನ ಪಾಠ

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ಮೊದಲ ಅಧ್ಯಾಯದಲ್ಲಿ ಸಿಲ್ವರ್ ಕ್ಲೋರೈಡ್ ಬಿಸಿಲಿಗೆ ಬೂದು ಬಣ್ಣಕ್ಕೆ ತಿರುಗುವ ಚಟುವಟಿಕೆಯೊಂದಿದೆ. ಸಿಲ್ವರ್ ಬ್ರೋಮೈಡ್ ಕೂಡ ಹೀಗೆಯೇ ವಿಭಜನೆ ಹೊಂದುತ್ತದೆ, ಕಪ್ಪು-ಬಿಳುಪು ಛಾಯಾಗ್ರಹಣದಲ್ಲಿ ಇದರ ಬಳಕೆಯಿದೆ ಎಂದು ಹೇಳಿ ಪುಸ್ತಕ ಮುಂದಿನ ವಿಷಯಕ್ಕೆ ಹೋಗುತ್ತದೆ. ಮಕ್ಕಳು ಇದನ್ನು ಒಂದು ಅಂಕದ ಉತ್ತರವಾಗಿ ಬಾಯಿಪಾಠ ಮಾಡಿಕೊಳ್ಳುತ್ತಾರೆ. ಅವರಲ್ಲಿ ಫಿಲ್ಮನ್ನು ಕೈಯಲ್ಲಿ ಹಿಡಿದು ನೋಡಿದವರು ಈಗ ಯಾರೂ ಇಲ್ಲ. ನಮ್ಮ ಪ್ರಶಿಕ್ಷಣಾರ್ಥಿಗಳಲ್ಲೂ ಬಹುತೇಕರು ನೋಡಿಲ್ಲ.

ಅದೇ ಪುಸ್ತಕದ ಬೆಳಕಿನ ಅಧ್ಯಾಯದ ಕಥೆಯೂ ಇಷ್ಟೇ. ಪೀನ ಮಸೂರದ ಮುಂದೆ ವಸ್ತುವನ್ನು ಎಲ್ಲೆಲ್ಲಿಟ್ಟರೆ ಪ್ರತಿಬಿಂಬ ಎಂಥದ್ದು ಎಂಬ ಕೋಷ್ಟಕವನ್ನು ಮಕ್ಕಳು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ: ಸತ್ಯ, ತಲೆಕೆಳಗಾದ, ಚಿಕ್ಕದಾದ. "ಆ ಪ್ರತಿಬಿಂಬ ಎಲ್ಲಿದೆ, ತೋರಿಸು ನೋಡೋಣ" ಎಂದರೆ ಕೈ ಕಪ್ಪುಹಲಗೆಯ ರೇಖಾಚಿತ್ರದ ಕಡೆಗೆ ಹೋಗುತ್ತದೆ. ಪ್ರತಿಬಿಂಬವೆಂದರೆ ಸೀಮೆಸುಣ್ಣದ ಒಂದು ಬಾಣ ಎಂದು ಅವರು ತಿಳಿದಿದ್ದರೆ ತಪ್ಪು ಅವರದಲ್ಲ.

ಈ ಎರಡು ಪಾಠಗಳನ್ನು ಜೋಡಿಸುವುದಕ್ಕೆ ನಾನು ಅಭ್ಯಾಸ ಪಾಠಗಳಲ್ಲಿ ಒಂದು ಹಳೆಯ ಫಿಲ್ಮ್ ಕ್ಯಾಮೆರಾ ಬಳಸುತ್ತಿದ್ದೇನೆ. ಹೇಗೆ ಬಳಸುತ್ತೇನೆ ಎಂಬುದನ್ನು ಬರೆಯುವ ಮೊದಲು, ಹೇಗೆ ಬಳಸಬಾರದು ಎಂಬುದನ್ನು ಹೇಳಿಬಿಡುತ್ತೇನೆ. ಪಾಠಯೋಜನೆಯ 'ಬೋಧನೋಪಕರಣ' ಅಂಕಣದಲ್ಲಿ 'ಹಳೆಯ ಕ್ಯಾಮೆರಾ' ಎಂದು ಬರೆದಿರುತ್ತದೆ. ಪ್ರಶಿಕ್ಷಣಾರ್ಥಿ ಅದನ್ನು ಎತ್ತಿ ಹಿಡಿದು "ಮಕ್ಕಳೇ, ಇದೇನು?" ಎನ್ನುತ್ತಾರೆ. "ಕ್ಯಾಮೆರಾ ಸಾರ್" ಎಂದು ಇಡೀ ತರಗತಿ ಕೂಗುತ್ತದೆ. "ಗುಡ್" ಎಂದು ಅದನ್ನು ಮೇಜಿನ ಮೇಲೆ ಇಟ್ಟರೆ ಮುಗಿಯಿತು, ಉಪಕರಣ ಬಳಕೆಗೆ ಪೂರ್ತಿ ಅಂಕ. ಆ ನಲವತ್ತು ನಿಮಿಷದಲ್ಲಿ ಕ್ಯಾಮೆರಾ ಒಂದು ಇಟ್ಟಿಗೆಗಿಂತ ಹೆಚ್ಚಿನ ಕೆಲಸವನ್ನೇನೂ ಮಾಡಿರುವುದಿಲ್ಲ. ಹಳೆಯ ಕ್ಯಾಮೆರಾದ ಮೈಮೇಲೆ ಕೆತ್ತಿರುವ ಪ್ರತಿಯೊಂದು ಸಂಖ್ಯೆಯನ್ನೂ ಮಕ್ಕಳು ತಾವೇ ಅಳೆದು ಪಡೆಯಬಹುದು. ಅಳೆಯುವ ಮೊದಲು ನಾವು ಅದರ ಅರ್ಥ ಹೇಳಿಬಿಟ್ಟರೆ ಆ ಅವಕಾಶ ಹೋಯಿತು. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಇದನ್ನೇ.

ನಮ್ಮಲ್ಲಿರುವುದು ಜೆನಿಟ್-ಇ. ಮಾಸ್ಕೋ ಬಳಿಯ ಕ್ರಾಸ್ನಗೋರ್ಸ್ಕ್ ಪಟ್ಟಣದ ಕಾರ್ಖಾನೆಯಲ್ಲಿ 1965ರಿಂದ ತಯಾರಾದ ಮಾದರಿ. ಲಕ್ಷಗಟ್ಟಲೆ ತಯಾರಾಯಿತು. 1980ರ ಮಾಸ್ಕೋ ಒಲಿಂಪಿಕ್ಸ್ ಸಮಯದಲ್ಲಿ ಕ್ರೀಡಾಕೂಟದ ಲಾಂಛನ ಹೊತ್ತ ಜೆನಿಟ್‌ಗಳೂ ಬಂದವು. ಒರಟು ಕ್ಯಾಮೆರಾ, ಭಾರ ಹೆಚ್ಚು. ಇದರ ಜೊತೆಯವಾದ ಜಪಾನಿ ಕ್ಯಾಮೆರಾಗಳ ನಯ ಇದಕ್ಕಿಲ್ಲ, ಷಟರ್ ಬಿಟ್ಟರೆ ಪಕ್ಕದ ತರಗತಿಗೂ ಕೇಳಿಸುತ್ತದೆ. ಆದರೆ ಪಾಠಕ್ಕೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಬ್ಯಾಟರಿಯೇ ಬೇಡ. ಲೆನ್ಸನ್ನು ಬಾಟಲಿಯ ಮುಚ್ಚಳದಂತೆ ತಿರುಗಿಸಿ ಬಿಚ್ಚಬಹುದು, 42 ಮಿ.ಮೀ. ವ್ಯಾಸದ ತಿರುಪು, ಅಷ್ಟೇ. ಒಳಗೆ ನಡೆಯುವುದೆಲ್ಲ ಕಣ್ಣಿಗೆ ಕಾಣುತ್ತದೆ. ಮೊಬೈಲಿನ ಕ್ಯಾಮೆರಾದಲ್ಲೂ ಇದೇ ಮಸೂರದ ಸೂತ್ರವೇ ಕೆಲಸ ಮಾಡುತ್ತಿದ್ದರೂ ಅದನ್ನು ಬಿಚ್ಚಿ ತೋರಿಸಲಾಗದು. ನಿಮ್ಮ ಶಾಲೆಯ ಹತ್ತಿರ ಸಿಗುವುದು ಜೆನಿಟ್ ಆಗಬೇಕೆಂದೇನಿಲ್ಲ. ಲೆನ್ಸ್ ಬಿಚ್ಚಲು ಬರುವ, ಕೈಯಿಂದಲೇ ಎಲ್ಲವನ್ನೂ ಹೊಂದಿಸುವ ಯಾವ ಫಿಲ್ಮ್ ಕ್ಯಾಮೆರಾ ಆದರೂ ನಡೆಯುತ್ತದೆ.

ಜೆನಿಟ್ ಜೊತೆಗೆ ಬರುವ ಲೆನ್ಸು ಹೀಲಿಯೋಸ್ 44-2. ಮುಂಭಾಗದ ಉಂಗುರದ ಮೇಲೆ 2/58 ಎಂದಿದೆ: ಸಂಗಮದೂರ 58 ಮಿ.ಮೀ., ಅತ್ಯಂತ ಅಗಲದ ದ್ಯುತಿರಂಧ್ರ ಎಫ್/2. ಈ ಲೆನ್ಸಿಗೆ ಒಂದು ವಂಶಾವಳಿಯೇ ಇದೆ. ಜರ್ಮನಿಯ ಝೈಸ್ ಸಂಸ್ಥೆಯಲ್ಲಿ ಪೌಲ್ ರುಡಾಲ್ಫ್ 1896ರಲ್ಲಿ ರೂಪಿಸಿದ ಪ್ಲಾನಾರ್ ಇದರ ಹಿರಿಯ. ಅದೇ ಸಂಸ್ಥೆಯ 58 ಮಿ.ಮೀ. ಬಯೋಟಾರ್ ಇದರ ನೇರ ಮಾದರಿ. ಎರಡನೆಯ ಮಹಾಯುದ್ಧದ ನಂತರ ಬಯೋಟಾರಿನ ವಿನ್ಯಾಸವನ್ನೇ ಸೋವಿಯತ್ ಕಾರ್ಖಾನೆ ತನ್ನದಾಗಿಸಿಕೊಂಡಿತು. ಒಳಗೆ 6 ಗಾಜಿನ ಮಸೂರಗಳಿವೆ. ಕೆಲವನ್ನು ಒಂದಕ್ಕೊಂದು ಅಂಟಿಸಿರುವುದರಿಂದ ಗುಂಪುಗಳು ನಾಲ್ಕೇ. (ಮುಂದೆ ಇಡೀ ಜೋಡಣೆಗೆ 'ಲೆನ್ಸು' ಎಂದೂ ಪಠ್ಯಪುಸ್ತಕದ ಒಂಟಿ ಗಾಜಿಗೆ 'ಮಸೂರ' ಎಂದೂ ಬರೆಯುತ್ತೇನೆ.)

ಮೊದಲ ಅವಧಿಯಲ್ಲಿ ಲೆನ್ಸು ಮಾತ್ರ. ಕ್ಯಾಮೆರಾದ ಹೊರಮೈ ಚೀಲದಲ್ಲೇ ಇರಲಿ. ತರಗತಿಯ ಬಾಗಿಲು ಮುಚ್ಚಿ, ಒಂದು ಕಿಟಕಿ ಮಾತ್ರ ತೆರೆದು, ಎದುರಿನ ಗೋಡೆಯ ಹತ್ತಿರ ಲೆನ್ಸು ಹಿಡಿದು ಹಿಂದೆ ಬಿಳಿ ಹಾಳೆ ಇಟ್ಟರೆ ಕಿಟಕಿ, ಅದರ ಸರಳು, ಹೊರಗಿನ ತೆಂಗಿನಮರ ಎಲ್ಲ ಹಾಳೆಯ ಮೇಲೆ ತಲೆಕೆಳಗಾಗಿ, ಬಣ್ಣಬಣ್ಣವಾಗಿ ಬಂದು ಕೂರುತ್ತವೆ. ಗಾಳಿಗೆ ಮರ ಅಲ್ಲಾಡಿದರೆ ಹಾಳೆಯಲ್ಲೂ ಅಲ್ಲಾಡುತ್ತದೆ. ಸತ್ಯ ಪ್ರತಿಬಿಂಬವೆಂದರೆ ಏನು ಎಂಬ ಪ್ರಶ್ನೆಯನ್ನು ಆಮೇಲೆ ಕೇಳಿ. ಪ್ರಯೋಗಾಲಯದ ಒಂಟಿ ಪೀನ ಮಸೂರವನ್ನೂ ಪಕ್ಕದಲ್ಲೇ ಹಿಡಿಸಬೇಕು. ಅದರಲ್ಲೂ ಚಿತ್ರ ಬೀಳುತ್ತದೆ. ಆದರೆ ಅಂಚಿನಲ್ಲಿ ಮಸುಕು. ಸರಳುಗಳ ಬದಿಯಲ್ಲಿ ಸಣ್ಣಗೆ ಬಣ್ಣದ ಗೆರೆ. ಒಂದು ಗಾಜು ಸಾಕಾಗಿದ್ದರೆ ಆರು ಯಾಕೆ ಹಾಕುತ್ತಿದ್ದರು ಎಂಬ ಪ್ರಶ್ನೆ ಮಕ್ಕಳಿಂದಲೇ ಬರುತ್ತದೆ. ಬೇರೆ ಬೇರೆ ಬಣ್ಣದ ಬೆಳಕು ಗಾಜಿನಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಬಾಗುತ್ತದೆ, ಪೀನ ಮಸೂರದ ದೋಷವನ್ನು ನಿಮ್ನ ಮಸೂರ ಭಾಗಶಃ ಸರಿಪಡಿಸುತ್ತದೆ ಎಂಬಷ್ಟು ಉತ್ತರ ಆ ವಯಸ್ಸಿಗೆ ಸಾಕು.

ಇಲ್ಲಿ ಒಂದು ಸ್ವಾರಸ್ಯವಾದ ತೊಡಕು ಎದುರಾಗುತ್ತದೆ. ಅದನ್ನು ತಪ್ಪಿಸಬೇಡಿ ಎಂದು ಪ್ರಶಿಕ್ಷಣಾರ್ಥಿಗಳಿಗೆ ಹೇಳುತ್ತೇನೆ. ಸಂಗಮದೂರ 58 ಮಿ.ಮೀ. ಎಂದಿದೆಯಲ್ಲ, ಅಳೆಯೋಣ ಎಂದು ಮಕ್ಕಳು ಲೆನ್ಸಿನ ಹಿಂಬದಿಯ ಗಾಜಿನಿಂದ ಹಾಳೆಯವರೆಗೆ ಅಳತೆಪಟ್ಟಿ ಇಡುತ್ತಾರೆ. 58ಕ್ಕಿಂತ ಸಾಕಷ್ಟು ಕಡಿಮೆ ಬರುತ್ತದೆ. ಮುಂದಿನ ಗಾಜಿನಿಂದ ಇಟ್ಟರೆ 58ನ್ನು ದಾಟುತ್ತದೆ. ಹಾಗಾದರೆ 58 ಎಲ್ಲಿಂದ? ಒಂದು ಅಭ್ಯಾಸ ಪಾಠದಲ್ಲಿ ಹುಡುಗನೊಬ್ಬ ಇದನ್ನೇ ಕೇಳಿದ. ಪಾಠ ಮಾಡುತ್ತಿದ್ದ ಪ್ರಶಿಕ್ಷಣಾರ್ಥಿ ಒಂದು ಕ್ಷಣ ನಿಂತು, "ನನಗೂ ಗೊತ್ತಿಲ್ಲಪ್ಪ, ಕಂಡುಹಿಡಿಯೋಕೆ ಬೇರೆ ದಾರಿ ಇದೆಯಾ ನೋಡೋಣ" ಎಂದರು. ಹಿಂದಿನ ಬೆಂಚಿನಲ್ಲಿ ವೀಕ್ಷಣೆ ಬರೆಯುತ್ತಿದ್ದ ಸಹಪಾಠಿ 'ವಿಷಯ ಜ್ಞಾನದ ಕೊರತೆ' ಎಂದು ಬರೆದಿದ್ದರು. ನಾನು ಆ ಸಾಲು ಹೊಡೆದುಹಾಕಿದೆ. ಆ ವರ್ಷ ನಾನು ನೋಡಿದ ಪಾಠಗಳಲ್ಲಿ ಹೆಚ್ಚಿನ ಅಂಕ ಕೊಟ್ಟದ್ದು ಅದಕ್ಕೇ.

ಬೇರೆ ದಾರಿ ಇದೆ. ಮಸೂರದ ಸೂತ್ರದಲ್ಲಿ ದೂರದ ಬದಲು ವರ್ಧನೆಯನ್ನು ಹಿಡಿದರೆ ಎಲ್ಲಿಂದ ಅಳೆಯಬೇಕು ಎಂಬ ಗೊಂದಲ ಬಹುಮಟ್ಟಿಗೆ ಕರಗುತ್ತದೆ. ಕಿಟಕಿಯ ಎತ್ತರ 120 ಸೆಂ.ಮೀ. ಇದ್ದು, ಲೆನ್ಸು ಅದರಿಂದ 6 ಮೀಟರ್ ದೂರದಲ್ಲಿದ್ದರೆ, ಹಾಳೆಯ ಮೇಲಿನ ಕಿಟಕಿಯ ಎತ್ತರ 11.7 ಮಿ.ಮೀ. ಆಸುಪಾಸಿನಲ್ಲಿ ಬರುತ್ತದೆ. 11.7ನ್ನು 1200ರಿಂದ ಭಾಗಿಸಿ 6000ದಿಂದ ಗುಣಿಸಿದರೆ 58.5. ವಸ್ತು ದೂರದಲ್ಲಿರುವಾಗ ಇದು ಸಂಗಮದೂರಕ್ಕೆ ತೀರ ಹತ್ತಿರ. ಸೂತ್ರವನ್ನು ಪೂರ್ತಿ ಹಾಕಿದರೆ 58ಕ್ಕೇ ಬರುತ್ತದೆ. 6 ಮೀಟರಿನಲ್ಲಿ ಎರಡು ಮೂರು ಸೆಂಟಿಮೀಟರ್ ಹೆಚ್ಚುಕಡಿಮೆಯಾದರೆ ಉತ್ತರವೇನೂ ಕೆಡುವುದಿಲ್ಲ. ಮಕ್ಕಳ ಅಳತೆಪಟ್ಟಿಯಲ್ಲಿ ಅರ್ಧ ಮಿಲಿಮೀಟರ್ ಆಚೀಚೆ ಆಗುವುದರಿಂದ 56ರಿಂದ 60ರ ನಡುವೆ ಏನೇ ಬಂದರೂ ಒಪ್ಪಬೇಕು. ಈಗ ಹಾಳೆಯಿಂದ ಮುಂದಕ್ಕೆ 58 ಮಿ.ಮೀ. ಗುರುತು ಮಾಡಿದರೆ ಆ ಗುರುತು ಲೆನ್ಸಿನ ಹೊಟ್ಟೆಯೊಳಗೆ ಎಲ್ಲೋ ಬೀಳುತ್ತದೆ. ಒಂಟಿ ಮಸೂರದಲ್ಲಿ ನಾವು ದೃಕ್ ಕೇಂದ್ರ ಎಂದು ಚುಕ್ಕೆ ಹಾಕುತ್ತೇವಲ್ಲ, ಆರು ಗಾಜುಗಳ ಕೂಟದಲ್ಲಿ ಅಂಥ ಚುಕ್ಕೆಯ ಕೆಲಸ ಮಾಡುವ ಜಾಗ ಇದು. 0.058 ಮೀಟರಿನ ವ್ಯುತ್ಕ್ರಮ ತೆಗೆದರೆ ಸಾಮರ್ಥ್ಯ ಸುಮಾರು 17 ಡಯಾಪ್ಟರ್. ಅಜ್ಜನ ಓದುವ ಕನ್ನಡಕದ ಚೀಟಿಯಲ್ಲಿರುವ +2ರ ಜೊತೆ ಹೋಲಿಸಲು ಹೇಳಿದರೆ ಮನೆಕೆಲಸವೂ ಆಯಿತು.

ಅದೇ ಅವಧಿಯಲ್ಲಿ ಸಮಯ ಉಳಿದರೆ ಟ್ಯೂಬ್‌ಲೈಟಿನ ಕೆಳಗೆ ಲೆನ್ಸನ್ನು ಓರೆಯಾಗಿ ಹಿಡಿದು ಒಳಗೆ ನೋಡಲು ಹೇಳುತ್ತೇನೆ. ಒಂದರ ಹಿಂದೊಂದು ಸಣ್ಣ ಸಣ್ಣ ಟ್ಯೂಬ್‌ಲೈಟುಗಳು ಕಾಣುತ್ತವೆ, ಕೆಲವು ನೆಟ್ಟಗೆ, ಕೆಲವು ತಲೆಕೆಳಗೆ, ಬಣ್ಣವೂ ಬೇರೆ ಬೇರೆ. ಪ್ರತಿಯೊಂದು ಗಾಜಿನ ಮೇಲ್ಮೈಯೂ ಒಂದು ದುರ್ಬಲ ಕನ್ನಡಿ. ಉಬ್ಬಿದ್ದು ಪೀನ ದರ್ಪಣದಂತೆ, ತಗ್ಗಿದ್ದು ನಿಮ್ನ ದರ್ಪಣದಂತೆ ವರ್ತಿಸುತ್ತದೆ. ಬರಿಯ ಗಾಜಿನ ಒಂದು ಮೇಲ್ಮೈ ಸುಮಾರು 4 ಪ್ರತಿಶತ ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ನಾಲ್ಕು ಗುಂಪು ಎಂದರೆ ಗಾಳಿಗೆ ತಾಗುವ ಎಂಟು ಮೇಲ್ಮೈ. 0.96ನ್ನು ಎಂಟು ಸಲ ಗುಣಿಸಿ ನೋಡಿ: ನೂರರಲ್ಲಿ 72 ಪಾಲು ಮಾತ್ರ ಫಿಲ್ಮಿಗೆ ತಲುಪುತ್ತದೆ. ಗಾಜಿನ ಮೇಲೆ ನೇರಳೆ, ಹಳದಿ ಛಾಯೆಯಾಗಿ ಕಾಣುವ ತೆಳುಲೇಪ ಈ ನಷ್ಟವನ್ನು ಕಡಿಮೆ ಮಾಡಲೆಂದೇ ಇರುವುದು.

ಎರಡನೆಯ ಅವಧಿ ದ್ಯುತಿರಂಧ್ರಕ್ಕೆ. ಹೀಲಿಯೋಸ್ 44-2ರಲ್ಲಿ ದ್ಯುತಿರಂಧ್ರಕ್ಕೆ ಎರಡು ಉಂಗುರಗಳಿವೆ. ಒಂದರಲ್ಲಿ ಬೇಕಾದ ಸಂಖ್ಯೆಯನ್ನು ಮೊದಲೇ ಹೊಂದಿಸಿಡುತ್ತೇವೆ. ಇನ್ನೊಂದನ್ನು ತಿರುಗಿಸಿದರೆ ರಂಧ್ರ ಪೂರ್ತಿ ತೆರೆದ ಸ್ಥಿತಿಯಿಂದ ಆ ಸಂಖ್ಯೆಯವರೆಗೆ ಮುಚ್ಚಿಕೊಳ್ಳುತ್ತದೆ. ತೆರೆದಿಟ್ಟು ಸ್ಪಷ್ಟಗೊಳಿಸಿ, ಮುಚ್ಚಿ, ಆಮೇಲೆ ಚಿತ್ರ ತೆಗೆಯಬೇಕು. ಛಾಯಾಗ್ರಾಹಕರಿಗೆ ಇದು ಕಿರಿಕಿರಿ, ನಮಗೆ ವರ. ಎಂಟು ಕರಿ ಅಲಗುಗಳು ಮೆಲ್ಲಗೆ ಒಳಸರಿಯುವುದನ್ನು ನೋಡಿದ ಮಕ್ಕಳಿಗೆ ಕಣ್ಣಿನ ಪಾಪೆಯ ಪಾಠವನ್ನು ಬೇರೆ ಹೇಳಬೇಕಾಗಿಲ್ಲ.

ಲೆನ್ಸಿನ ಮೇಲಿನ ಸಂಖ್ಯೆಗಳು 2, 2.8, 4, 5.6, 8, 11, 16. ಸಂಖ್ಯೆ ದೊಡ್ಡದಾದರೆ ರಂಧ್ರವೂ ದೊಡ್ಡದು ಎಂದು ಬಹುಪಾಲು ಮಕ್ಕಳು ಊಹಿಸುತ್ತಾರೆ. ಊಹೆಯನ್ನು ಬರೆಸಿಟ್ಟುಕೊಳ್ಳಿ, ತಿದ್ದಬೇಡಿ. ಲೆನ್ಸನ್ನು ಒಂದಡಿ ದೂರ ಹಿಡಿದು, ಮುಂದಿನಿಂದ ನೋಡುತ್ತ, ಅಂಚಿಗೆ ಅಳತೆಪಟ್ಟಿ ಒತ್ತಿ ರಂಧ್ರದ ವ್ಯಾಸ ಅಳೆಯಲು ಹೇಳಿ. ಸುಮಾರಾಗಿ 29, 21, 14.5, 10, 7, 5, 3.5 ಮಿ.ಮೀ. ಬರುತ್ತದೆ. ಪ್ರತಿಯೊಂದನ್ನೂ ಅದರ ಸಂಖ್ಯೆಯಿಂದ ಗುಣಿಸಿದರೆ ಮತ್ತೆ ಅದೇ 58. ಎಫ್/16 ಎನ್ನುವುದು ಒಂದು ಭಾಗಾಕಾರ, ಹದಿನಾರರಲ್ಲಿ ಒಂದು ಪಾಲು ಎಂದು ಆಗ ಯಾರಾದರೊಬ್ಬರು ಕೂಗುತ್ತಾರೆ. ಕೆಳಗಿನ ತರಗತಿಯ ಭಿನ್ನರಾಶಿ ಹತ್ತನೆಯ ತರಗತಿಯಲ್ಲಿ ಅರ್ಥವಾದರೂ ತಡವೇನಲ್ಲ. ಇನ್ನು 2ರಿಂದ 2.8ಕ್ಕೆ, 2.8ರಿಂದ 4ಕ್ಕೆ ಏಕೆ ಇಂಥ ವಿಚಿತ್ರ ಹೆಜ್ಜೆ? ವೃತ್ತದ ವಿಸ್ತೀರ್ಣ ತೆಗೆಯಲು ಹೇಳಿದರೆ ಪ್ರತಿ ಹೆಜ್ಜೆಗೂ ಅದು ಅರ್ಧವಾಗುವುದು ತಿಳಿಯುತ್ತದೆ. ಪಕ್ಕದ ಗಣಿತದ ಶಿಕ್ಷಕರನ್ನು ಈ ಹೊತ್ತಿಗೆ ತರಗತಿಗೆ ಕರೆಯುವುದು ಒಳ್ಳೆಯದು. ಎರಡರ ವರ್ಗಮೂಲ ಅಭಾಗಲಬ್ಧ ಎಂದು ಅವರು ಸಾಧಿಸಿ ತೋರಿಸಿರುತ್ತಾರೆ. ಅದು ಒಂದು ಲೆನ್ಸಿನ ಉಂಗುರದ ಮೇಲೆ ಕುಳಿತಿರುವುದನ್ನು ಅವರೂ ನೋಡಲಿ.

ಸ್ಪಷ್ಟಗೊಳಿಸುವ ಉಂಗುರದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ವಸ್ತು 2 ಮೀಟರಿನಲ್ಲಿದ್ದರೆ ಸೂತ್ರದ ಪ್ರಕಾರ ಲೆನ್ಸು ಅನಂತ ದೂರದ ಸ್ಥಾನಕ್ಕಿಂತ 1.7 ಮಿ.ಮೀ. ಮುಂದೆ ಬರಬೇಕು, 1 ಮೀಟರಿನಲ್ಲಿ 3.6, ಅರ್ಧ ಮೀಟರಿನಲ್ಲಿ 7.6. ಉಂಗುರ ತಿರುಗಿಸಿ ಲೆನ್ಸು ಉದ್ದವಾಗುವುದನ್ನು ವರ್ನಿಯರ್‌ನಲ್ಲಿ ಅಳೆದರೆ ಹೆಚ್ಚುಕಡಿಮೆ ಇವೇ ಸಂಖ್ಯೆಗಳು. ಹತ್ತಿರದ ದೂರಗಳಲ್ಲಿ ಅಳತೆ ಸ್ವಲ್ಪ ಹೆಚ್ಚೇ ಬರುತ್ತದೆ, ಏಕೆಂದರೆ ಲೆನ್ಸಿನ ಮೇಲೆ ಬರೆದ ದೂರಗಳನ್ನು ಫಿಲ್ಮಿನಿಂದ ಎಣಿಸಿರುತ್ತಾರೆ, ಲೆನ್ಸಿನಿಂದಲ್ಲ. ಇದನ್ನು ಕಂಡುಹಿಡಿಯುವುದು ತರಗತಿಯ ಚುರುಕು ಮಕ್ಕಳಿಗೆ ಬಿಟ್ಟ ಕೆಲಸ.

ಮೂರನೆಯ ಅವಧಿಯಲ್ಲಿ ಕ್ಯಾಮೆರಾವನ್ನು ಹೊರತೆಗೆಯುತ್ತೇನೆ. ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಮೇಡಂ, ಫೋಟೋ ಎಲ್ಲಿ ಕಾಣುತ್ತೆ?" ಹಿಂಬದಿಯಲ್ಲಿ ಪರದೆ ಹುಡುಕುತ್ತಾರೆ. ಹಿಂಬಾಗಿಲು ತೆರೆದು, ಫಿಲ್ಮು ಕೂರುವ ಜಾಗಕ್ಕೆ ಬೆಣ್ಣೆಕಾಗದದ ತುಂಡು ಮೆಲ್ಲಗೆ ಒತ್ತಿ, ಷಟರನ್ನು 'ಬಿ' ಗುರುತಿಗೆ ಹಾಕಿ ಗುಂಡಿ ಒತ್ತಿ ಹಿಡಿದರೆ ಕಾಗದದ ಮೇಲೆ ಶಾಲೆಯ ಅಂಗಳ ತಲೆಕೆಳಗಾಗಿ ಕಾಣುತ್ತದೆ. ತಲೆಯ ಮೇಲೊಂದು ಕರಿ ಬಟ್ಟೆ ಹೊದ್ದುಕೊಂಡರೆ ಇನ್ನೂ ಚೆನ್ನು. ಹಿಂದಿರುವ ಬಟ್ಟೆಯ ಪರದೆಗೆ ಬೆರಳು ತಾಗಿಸಬಾರದು ಎಂಬುದೊಂದೇ ಎಚ್ಚರಿಕೆ. ಅಲ್ಲೇ ಒಂದು ಲೆಕ್ಕ: ಫಿಲ್ಮಿನ ಚೌಕಟ್ಟು 24×36 ಮಿ.ಮೀ. 160 ಸೆಂ.ಮೀ. ಎತ್ತರದ ಹುಡುಗಿ 4 ಮೀಟರ್ ದೂರದಲ್ಲಿ ನಿಂತರೆ ಅವಳ ಪ್ರತಿಬಿಂಬ 23.5 ಮಿ.ಮೀ. ಕ್ಯಾಮೆರಾ ಅಡ್ಡ ಹಿಡಿದರೂ ಅವಳು ಚೌಕಟ್ಟಿನೊಳಗೆ ಸರಿಯಾಗಿ ಕೂರುತ್ತಾಳೆ. ಆದರೆ ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ಪಾದವೋ ತಲೆಯೋ ಕತ್ತರಿಸಿಹೋಗಿರುತ್ತದೆ. ಜೆನಿಟ್‌ನ ನೋಟಗಂಡಿ ತೋರಿಸುವುದು 20×28 ಮಿ.ಮೀ. ಭಾಗವನ್ನು ಮಾತ್ರ. ಫಿಲ್ಮಿನ ಮೇಲೆ ನಾವು ನೋಡಿದ್ದಕ್ಕಿಂತ ಹೆಚ್ಚು ಬರುತ್ತದೆ.

ಷಟರಿನಲ್ಲಿ 'ಬಿ' ಬಿಟ್ಟರೆ ಐದೇ ವೇಗಗಳು: ಸೆಕೆಂಡಿನ 1/30, 1/60, 1/125, 1/250, 1/500. ಇಲ್ಲೂ ಪ್ರತಿ ಹೆಜ್ಜೆಗೆ ಬೆಳಕು ಅರ್ಧ. ಕ್ಯಾಮೆರಾದ ಹಣೆಯ ಮೇಲೆ ಉಬ್ಬುಗಾಜಿನ ಪಟ್ಟಿಯಿದೆ, ಅದರ ಹಿಂದೆ ಸೆಲೆನಿಯಂ ಕೋಶ. ಬೆಳಕು ಬಿದ್ದರೆ ತಾನೇ ವಿದ್ಯುತ್ತು ಹುಟ್ಟಿಸಿ ಮುಳ್ಳು ಅಲ್ಲಾಡಿಸುತ್ತದೆ. ಕೈ ಅಡ್ಡ ಹಿಡಿದು ತೆಗೆದು ಮಕ್ಕಳು ಇದರಲ್ಲಿ ಆಡುತ್ತಾರೆ. ಆಡಲಿ. ಆದರೆ ಹಳೆಯ ಕೋಶಗಳು ವರ್ಷಗಳು ಕಳೆದಂತೆ ಬಲಗುಂದುವುದು ಸಾಮಾನ್ಯ, ಆದ್ದರಿಂದ ಅದರ ಮಾತನ್ನು ಪೂರ್ತಿ ನಂಬುವ ಹಾಗಿಲ್ಲ. ಛಾಯಾಗ್ರಾಹಕರ ಹಳೆಯ ಸೂತ್ರ ಸಾಕು: ನಿಚ್ಚಳ ಬಿಸಿಲಿನಲ್ಲಿ ಎಫ್/16 ಇಟ್ಟು, ಷಟರನ್ನು ಫಿಲ್ಮಿನ ವೇಗದ ವ್ಯುತ್ಕ್ರಮಕ್ಕೆ ಹತ್ತಿರ ಇಡುವುದು. ಐಎಸ್ಒ 100 ಫಿಲ್ಮಿಗೆ ಎಫ್/16, 1/125. ಬಯಲ ನೆರಳಿಗೆ ಮೂರು ಹೆಜ್ಜೆ ಹೆಚ್ಚು ಬೆಳಕು ಬೇಕು, ಎಂದರೆ ಎಫ್/5.6, 1/125. ನಾನು ತರಗತಿಗೆ 400ರ ಫಿಲ್ಮು ಬೇಡ ಎನ್ನುವುದು ಇದೇ ಕಾರಣಕ್ಕೆ. ನಮ್ಮ ಬಿಸಿಲಿನಲ್ಲಿ ಅದು ಎಫ್/16, 1/500ಕ್ಕೇ ಕಟ್ಟಿಹಾಕುತ್ತದೆ, ಜೆನಿಟ್‌ನಲ್ಲಿ ಅದರಾಚೆಗೆ ಜಾಗವಿಲ್ಲ, ರಂಧ್ರ ತೆರೆದು ನೋಡುವ ಆಟವೇ ಇಲ್ಲವಾಗುತ್ತದೆ.

ಒಂದು ರೋಲಿನಲ್ಲಿ 36 ಚಿತ್ರಗಳು. ನಲವತ್ತು ಮಕ್ಕಳ ತರಗತಿಯಲ್ಲಿ ಐದೈದು ಮಕ್ಕಳ ಎಂಟು ಗುಂಪು, ಗುಂಪಿಗೆ ನಾಲ್ಕು ಚಿತ್ರ. ಉಳಿದ ನಾಲ್ಕು ಶಿಕ್ಷಕರ ಕೈಯಲ್ಲಿ. ಫಿಲ್ಮು ಈಗ ದುಬಾರಿ, ವರ್ಷಕ್ಕೊಂದು ರೋಲೇ ಹೆಚ್ಚು. ಈ ಬಡತನ ಪಾಠಕ್ಕೆ ಉಪಕಾರಿ ಎಂಬುದು ನನ್ನ ಅನುಭವ. ನಾಲ್ಕೇ ಅವಕಾಶ ಇರುವಾಗ ಗುಂಪಿನಲ್ಲಿ ನಿಜವಾದ ಚರ್ಚೆ ನಡೆಯುತ್ತದೆ. ಪ್ರತಿ ಚಿತ್ರಕ್ಕೂ ಒಂದು ಸಾಲು ಬರೆಯಬೇಕು: ಹೊತ್ತು, ಬೆಳಕು, ದ್ಯುತಿರಂಧ್ರ, ಷಟರ್ ವೇಗ, ದೂರ, ಕೊನೆಗೆ 'ಏನು ಬರಬಹುದು'. ಈ ಕೊನೆಯ ಕಲಂ ಖಾಲಿ ಇದ್ದರೆ ಗುಂಡಿ ಒತ್ತಲು ಬಿಡುವುದಿಲ್ಲ.

ಒಂದು ಗುಂಪಿನ ಕೆಲಸ ಇಲ್ಲಿ ಹೇಳಬೇಕು. ಹೊಂಗೆಮರದ ಮುಂದೆ, ನೆರಳಿನಲ್ಲಿ, ತಮ್ಮಲ್ಲೇ ಒಬ್ಬಳನ್ನು ಬೆಂಚಿನ ಮೇಲೆ ಕೂರಿಸಿ ಒಂದೇ ಜಾಗದಿಂದ ಮೂರು ಚಿತ್ರ ತೆಗೆದರು: ಎಫ್/2.8, 1/500, ಎಫ್/5.6, 1/125, ಎಫ್/11, 1/30. ಮೂರರಲ್ಲೂ ಫಿಲ್ಮಿಗೆ ಬೀಳುವ ಬೆಳಕು ಒಂದೇ ಎಂದು ಲೆಕ್ಕ ಹಾಕಿದ್ದರು. ಹಾಗಾಗಿ 'ಏನು ಬರಬಹುದು' ಕಲಂನಲ್ಲಿ 'ಮೂರೂ ಒಂದೇ ಥರ' ಎಂದು ಬರೆದರು. ನೆಗೆಟಿವ್ ಬಂದಾಗ ಕಪ್ಪು-ಬಿಳುಪಿನ ಗಾಢತೆ ಮೂರರಲ್ಲೂ ನಿಜವಾಗಿಯೂ ಒಂದೇ ಇತ್ತು. ಆದರೆ ಮೊದಲನೆಯದರಲ್ಲಿ ಹಿಂದಿನ ಎಲೆಗಳು ಕರಗಿ ಹುಡುಗಿಯ ಸುತ್ತ ಸುಳಿ ತಿರುಗಿದಂತೆ ಕಾಣುತ್ತಿದ್ದವು. ಮೂರನೆಯದರಲ್ಲಿ ಎಲೆಯೆಲೆಯೂ ಸ್ಪಷ್ಟ. ಅರ್ಧ ಊಹೆ ಸರಿ, ಅರ್ಧ ತಪ್ಪು. ಹಾಗೇಕೆ ಎಂದು ಬೆಣ್ಣೆಕಾಗದದ ಮುಂದೆ ಮತ್ತೆ ಕೂತರು. ಅಗಲ ರಂಧ್ರದಿಂದ ಬರುವ ಬೆಳಕಿನ ಶಂಕು ದಪ್ಪ, ಆದ್ದರಿಂದ ಸಂಗಮ ತಪ್ಪಿದ ಚುಕ್ಕೆ ದೊಡ್ಡ ಬಿಲ್ಲೆಯಾಗಿ ಹರಡುತ್ತದೆ. ಕಿರಿದಾದ ರಂಧ್ರದಲ್ಲಿ ಶಂಕು ಸಣ್ಣದು, ಬಿಲ್ಲೆಯೂ ಸಣ್ಣದು. ಇದನ್ನು ರೇಖಾಚಿತ್ರ ಬರೆದು ಅವರೇ ಹೇಳಿದರು. ಸುಳಿ ಈ ಲೆನ್ಸಿನ ವಂಶದ ಗುಣ. ಚೌಕಟ್ಟಿನ ಅಂಚಿಗೆ ಓರೆಯಾಗಿ ಬರುವ ಬೆಳಕನ್ನು ಲೆನ್ಸಿನ ಕೊಳವೆಯೇ ಸ್ವಲ್ಪ ಕತ್ತರಿಸುವುದರಿಂದ ದುಂಡು ಬಿಲ್ಲೆಗಳು ಬಾದಾಮಿಯಾಕಾರ ತಾಳಿ ನಡುವಿನ ಸುತ್ತ ಸಾಲುಗಟ್ಟುತ್ತವೆ. ಲೆನ್ಸು ತಯಾರಿಸಿದವರು ಇದನ್ನು ಕೊರತೆಯೆಂದೇ ಎಣಿಸಿರಬೇಕು; ಇಂದು ಅದಕ್ಕೆಂದೇ ಹೀಲಿಯೋಸ್ ಹುಡುಕುವವರಿದ್ದಾರೆ. ನನಗಂತೂ ಆ ಮೊದಲ ಚಿತ್ರವೇ ಇಷ್ಟ.

ಈಗ ರಸಾಯನಶಾಸ್ತ್ರ. ಪಠ್ಯಪುಸ್ತಕದ ಮಾತನ್ನು ಹಾಗೆಯೇ ತೆಗೆದುಕೊಂಡರೆ ಬೆಳಕು ಬಿದ್ದ ಕೂಡಲೇ ಫಿಲ್ಮು ಕಪ್ಪಾಗುತ್ತದೆ ಎಂದು ಮಕ್ಕಳು ತಿಳಿಯುವುದು ಸಹಜ. ಸಿಲ್ವರ್ ಕ್ಲೋರೈಡಿಗೆ ಬಿಸಿಲಿನಲ್ಲಿ ನಿಮಿಷಗಳು ಬೇಕು, ಕ್ಯಾಮೆರಾದಲ್ಲಿ 1/125 ಸೆಕೆಂಡು ಹೇಗೆ ಸಾಕು? ಈ ಪ್ರಶ್ನೆಯನ್ನು ಪುಸ್ತಕ ಎತ್ತುವುದಿಲ್ಲ, ನಾವು ಎತ್ತಬೇಕು. ಇದಕ್ಕೊಂದು ಪ್ರದರ್ಶನವನ್ನು ಹಾಡಹಗಲಲ್ಲೇ, ಬೆಂಚಿನ ಮೇಲೆಯೇ ಮಾಡಬಹುದು. ಕಪ್ಪು-ಬಿಳುಪು ರೋಲಿನ ಹೊರಗೆ ಚಾಚಿಕೊಂಡಿರುವ ತುದಿ ಹೇಗೂ ಬೆಳಕು ಕಂಡು ಕೆಟ್ಟಿರುತ್ತದೆ. ಅದರಿಂದ ಮೂರು ಸಣ್ಣ ತುಂಡು ಕತ್ತರಿಸಿ. ಒಂದನ್ನು ಹಾಗೆಯೇ ಬಿಸಿಲಿಗಿಡಿ, ಒಂದನ್ನು ಡೆವಲಪರ್ ದ್ರಾವಣಕ್ಕೆ ಹಾಕಿ, ಇನ್ನೊಂದನ್ನು ಹೈಪೋ ಆಧಾರಿತ ಫಿಕ್ಸರ್‌ಗೆ ಹಾಕಿ. ಮೂರೂ ಒಂದೇ ಬೆಳಕು ಕಂಡ ತುಂಡುಗಳು. ಬಿಸಿಲಿನದು ನಿಧಾನವಾಗಿ ಬಣ್ಣ ಬದಲಿಸುತ್ತದೆ. ಡೆವಲಪರಿನದು ನೋಡನೋಡುತ್ತಿದ್ದಂತೆ ಇದ್ದಿಲಿನ ಹಾಗೆ ಕಪ್ಪಾಗುತ್ತದೆ. ಫಿಕ್ಸರಿನದು ಹಾಲಿನಂಥ ಮಸುಕು ಕಳೆದುಕೊಂಡು ಪಾರದರ್ಶಕವಾಗುತ್ತದೆ.

ಬೆಳಕು ಮಾಡುವ ಕೆಲಸ ಬಹಳ ಸಣ್ಣದು. ಸಿಲ್ವರ್ ಬ್ರೋಮೈಡಿನ ಪ್ರತಿ ಹರಳಿನಲ್ಲಿ ಬೆಳ್ಳಿಯ ಕೆಲವೇ ಪರಮಾಣುಗಳನ್ನು ಬಿಡಿಸಿಡುತ್ತದೆ. ಕಣ್ಣಿಗೆ ಕಾಣದ ಈ ಗುರುತಿಗೆ ಸುಪ್ತ ಪ್ರತಿಬಿಂಬ ಎನ್ನುತ್ತೇವೆ. ಡೆವಲಪರ್ ಒಂದು ಅಪಕರ್ಷಣಕಾರಿ. ಗುರುತು ಬಿದ್ದ ಹರಳುಗಳನ್ನು ಹುಡುಕಿ ಇಡಿಯಾಗಿ ಬೆಳ್ಳಿಯಾಗಿಸುತ್ತದೆ. ಹೈಪೋ, ಎಂದರೆ ಸೋಡಿಯಂ ಥಯೋಸಲ್ಫೇಟ್, ಉಳಿದ ಬ್ರೋಮೈಡನ್ನು ಕರಗಿಸಿ ತೆಗೆಯುತ್ತದೆ. ದ್ಯುತಿ ವಿಭಜನೆ, ಉತ್ಕರ್ಷಣ-ಅಪಕರ್ಷಣ, ವಿಲೀನತೆ: ಒಂದು ಅಧ್ಯಾಯದ ಮೂರು ಭಾಗಗಳು ಮೂರು ತುಂಡುಗಳಲ್ಲಿ ಬಂದವು. ಆ ಒಂದು ಅಂಕದ ವಾಕ್ಯ ಈಗ ಮಕ್ಕಳ ಕೈಯಲ್ಲಿದೆ.

ಡೆವಲಪ್ ಮಾಡುವುದನ್ನು ಶಾಲೆಯಲ್ಲೇ ಮಾಡಬಹುದು. ಬೆಳಕು ನುಗ್ಗದ ಕರಿ ಚೀಲ ಮತ್ತು ಒಂದು ಟ್ಯಾಂಕ್ ಇದ್ದರೆ ಕತ್ತಲೆಕೋಣೆ ಬೇಡ. ದ್ರಾವಣದ ಪೊಟ್ಟಣದ ಮೇಲಿನ ಸಮಯ ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್‌ಗೆ ಹೇಳಿದ್ದು. ನಮ್ಮ ಏಪ್ರಿಲ್‌ನ ನಲ್ಲಿ ನೀರು ಅದಕ್ಕಿಂತ ಎಷ್ಟೋ ಬಿಸಿ, ಕ್ರಿಯೆ ಬೇಗ ಮುಗಿಯುತ್ತದೆ. ಬಕೆಟ್ಟಿನಲ್ಲಿ ಮಂಜುಗಡ್ಡೆಯ ನೀರಿಟ್ಟು ತಣಿಸಬೇಕು. ಉಷ್ಣತೆ ಕ್ರಿಯೆಯ ವೇಗವನ್ನು ಹೆಚ್ಚಿಸುತ್ತದೆ ಎಂಬುದಕ್ಕೆ ಇಲ್ಲೇ ಉದಾಹರಣೆ. ಇದರಲ್ಲಿ ಪಳಗಿದ ಕೈಗಳು ತಾಲ್ಲೂಕು ಕೇಂದ್ರದ ಹಳೆಯ ಸ್ಟುಡಿಯೋಗಳಲ್ಲಿ ಇನ್ನೂ ಸಿಗುತ್ತವೆ. ಉದಕಮಂಡಲದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಫಿಲ್ಮನ್ನು ತೊಳೆದವರು ಅವರು. ಕಾರ್ಖಾನೆ ಮುಚ್ಚಿಹೋಗಿದೆ, ಇವರ ಕೆಲಸದ ಅರಿವು ಉಳಿದಿದೆ. ಸಂಪನ್ಮೂಲ ವ್ಯಕ್ತಿ ಎಂದು ನಾವು ಯಾರ ಯಾರನ್ನೋ ಕರೆಯುತ್ತೇವೆ. ಇಂಥವರೊಬ್ಬರನ್ನು ಕರೆತಂದು ಕುರ್ಚಿ ಕೊಟ್ಟು ಕೂರಿಸಿ, ಮಕ್ಕಳು ಪ್ರಶ್ನೆ ಕೇಳಲಿ.

ಮೌಲ್ಯಮಾಪನದ ಬಗ್ಗೆ ಒಂದು ಮಾತು. ಚೆನ್ನಾಗಿ ಬಂದ ಚಿತ್ರಕ್ಕೆ ಅಂಕ ಕೊಡಬೇಡಿ. ಕಪ್ಪಾಗಿ ಹೋದ ಒಂದು ಚೌಕಟ್ಟಿನ ಮುಂದೆ ನಿಂತು, ದಾಖಲೆಯ ಸಾಲು ಓದಿ, ಎಷ್ಟು ಹೆಜ್ಜೆ ಬೆಳಕು ಹೆಚ್ಚಾಯಿತು ಎಂದು ಹೇಳಬಲ್ಲ ಗುಂಪು ಪಾಠ ಕಲಿತಿದೆ. ಈ ಅಂಕಣ ನಮ್ಮ ವೀಕ್ಷಣಾ ಪತ್ರದಲ್ಲಿ ಇರಲಿಲ್ಲ. 'ಮಕ್ಕಳು ತಮ್ಮ ಊಹೆಯನ್ನು ಅಳತೆಯಿಂದ ಪರೀಕ್ಷಿಸಿದರೇ' ಎಂಬ ಸಾಲನ್ನು ಕೈಯಲ್ಲಿ ಬರೆದು ಸೇರಿಸಿಕೊಂಡಿದ್ದೇವೆ.

ಸುರಕ್ಷತೆ ಮತ್ತು ಜೋಪಾನ. ಲೆನ್ಸನ್ನಾಗಲಿ ನೋಟಗಂಡಿಯನ್ನಾಗಲಿ ಸೂರ್ಯನತ್ತ ಹಿಡಿದು ನೋಡಬಾರದು, 29 ಮಿ.ಮೀ. ಅಗಲದ ಮಸೂರ ಕಾಗದ ಸುಡುತ್ತದೆ, ಕಣ್ಣನ್ನೂ ಸುಡುತ್ತದೆ. ಸಿಲ್ವರ್ ನೈಟ್ರೇಟ್ ಮುಟ್ಟಿದರೆ ಕೈ ದಿನಗಟ್ಟಲೆ ಕಪ್ಪು. ಡೆವಲಪರಿಗೂ ಕೈಗವಸು ಬೇಕು. ಷಟರನ್ನು ಎಳೆದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಇಡಬಾರದು, ಸ್ಪ್ರಿಂಗು ಸೋಲುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು ಕರಾವಳಿಗಳಲ್ಲಿ, ಚರ್ಮದ ಚೀಲದಲ್ಲಿ ಮುಚ್ಚಿಟ್ಟ ಲೆನ್ಸಿನ ಗಾಜಿಗೆ ಜೇಡರಬಲೆಯಂಥ ಬೂಷ್ಟು ಹಿಡಿಯುತ್ತದೆ. ನಮ್ಮದನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟಿದ್ದೇವೆ. ನೀಲಿ ಹರಳು ಗುಲಾಬಿಗೆ ತಿರುಗಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕುವ ಕೆಲಸ ಪ್ರತಿ ತಂಡದಲ್ಲೂ ಒಬ್ಬ ಪ್ರಶಿಕ್ಷಣಾರ್ಥಿಯದು. ಹೆಸರು ಪ್ರಯೋಗಾಲಯದ ದಾಸ್ತಾನು ಪುಸ್ತಕದಲ್ಲಿದೆ, ಕ್ಯಾಮೆರಾ ಎರವಲು ಬೇಕಾದ ಶಾಲೆಗಳು ಅವರನ್ನೇ ಕೇಳಬಹುದು.